ಟೊಪ್ಪಿಯೊಳಗಿನ ಎಂಟು ಚೀಟಿ

ಡೀನ್‌ನ ಕೋಟಿನ ಎಡಜೇಬಿನಲ್ಲಿ ಏನೂ ಇರಲಿಲ್ಲ. ಬಲಜೇಬಿನಲ್ಲಿ ಸೈಕಲ್ಲಿನ ಬೀಗದ ಕೈ, ಮಡಿಸಿದ ಕರವಸ್ತ್ರ, ಎರಡು ಪೆಪ್ಪರ್‌ಮಿಂಟು. ಕೊರಾಲಿ ಒಳಜೇಬಿಗೆ ಕೈ ಹಾಕಿದಳು. ಊರಿನ ಬೌಲ್ಸ್ ಆಟದ ಕ್ಲಬ್ಬಿನ ಅಡುಗೆಮನೆಯಲ್ಲಿ ಚಹದ ನೀರು ಕೊತಕೊತ ಕುದಿಯುತ್ತಿತ್ತು. ಆಚೆ ಕುರ್ಚಿ ಎಳೆಯುವ ಸದ್ದು. ಇನ್ನು ಹತ್ತು ನಿಮಿಷಕ್ಕೆ ಸಭೆ. ಅಷ್ಟರೊಳಗೆ ಆ ಚೀಟಿ ಅವಳಿಗೆ ಸಿಗಲೇಬೇಕಿತ್ತು.

ಒಳಜೇಬೂ ಖಾಲಿ.

ಐದು ವಾರದ ಹಿಂದೆ, ಮೆಲ್ಬರ್ನ್ ಕಪ್ ಕುದುರೆ ಓಟದ ಮಧ್ಯಾಹ್ನ, ಕೊರಾಲಿ, ಡೀನ್ ಸೇರಿ ಎಂಟು ಜನ ಇಲ್ಲೇ ಕೂಡಿದ್ದರು. ಆ ದಿನ ದೇಶದಲ್ಲೆಲ್ಲ ಮಾಡುವಂತೆ ಟೊಪ್ಪಿಯಿಂದ ಚೀಟಿ ಎತ್ತಿ ಬಾಜಿಗೆ ಕುದುರೆ ಹಂಚಿಕೊಂಡಿದ್ದರು. ಓಟ ಮುಗಿಯಿತು. ಖಾಲಿ ಟೊಪ್ಪಿ ಮೇಜಿನ ಮೇಲೇ ಇತ್ತು. ಅದನ್ನು ನೋಡಿಯೇ ಮುದುಕ ಮರ್ವ್‌ಗೆ ಉಪಾಯ ಹೊಳೆದದ್ದು.

“ಸೈಕಲ್ ಹತ್ತಿದ್ರೆ ಹೆಲ್ಮೆಟ್ ಎಲ್ಲಿ ಅಂತಾರೆ. ಅಂಗಡಿಯಿಂದ ಈಚೆ ಬಂದ್ರೆ ಚೀಲ ಬಿಚ್ಚು ಅಂತಾರೆ. ಈಗ ಕಂಪ್ಯೂಟರಲ್ಲಿ ನಾವು ಏನು ನೋಡ್ಬೇಕು ಅಂತಾನೂ ಇಲಾಖೆಯೋರೇ ಹೇಳ್ತಾರಂತೆ! ಮುಂದೆ ಹೆಂಡ್ತಿ ಮುಖ ನೋಡೋಕೂ ಅರ್ಜಿ ಹಾಕ್ಬೇಕೇನೋ.”

“ನಿನ್ನ ಹೆಂಡ್ತಿ ಆ ಅರ್ಜಿ ಹರಿದು ಹಾಕ್ತಾಳೆ ಬಿಡು ಮರ್ವ್,” ಎಂದು ಯಾರೋ ನಗಿಸಿದ್ದರು.

ಯಾರಾದರೂ ಹೆಸರು ಹೇಳದೆ ಫೋನು ಮಾಡಿ, ಇಂಟರ್ನೆಟ್ಟಿನ ಒಂದು ಪುಟದ ವಿಳಾಸ ಓದಿ, ‘ಇದು ಕೊಳಕು’ ಎಂದರೆ ಸಾಕು, ಇಲಾಖೆಯ ಗುಟ್ಟಿನ ಪಟ್ಟಿಗೆ ಆ ಪುಟ ಸೇರುತ್ತಿತ್ತು. ಸೇರಿದ ಮೇಲೆ ದೇಶದಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. ಮರ್ವ್‌ನ ಉಪಾಯ ಸರಳವಾಗಿತ್ತು. ಯಾರೂ ಬೆರಳು ತೋರಿಸಲಾಗದ ಒಂದು ಪುಟದ ವಿಳಾಸವನ್ನು ಒಬ್ಬೊಬ್ಬರೂ ಬರೆದು ಟೊಪ್ಪಿಗೆ ಹಾಕಬೇಕು. ಬೇರೆಯವರ ಚೀಟಿ ಎತ್ತಿಕೊಂಡು, ಪುಟವನ್ನು ತೆರೆದೂ ನೋಡದೆ, ದೂರು ಕೊಡಬೇಕು. ಒಂದಾದರೂ ಪಟ್ಟಿಗೆ ಸೇರಿದರೆ ಪತ್ರಿಕೆಗೆ ಹೇಳಿ ಇಲಾಖೆಯ ಮಾನ ಕಳೆಯುವುದು. ಬರೆಯಲು ಕಾಗದವಿರಲಿಲ್ಲ. ಬಿಲ್ಲು, ಲಕೋಟೆ, ಬಿಯರ್ ಲೋಟದಡಿಯ ರಟ್ಟು, ಕೈಗೆ ಸಿಕ್ಕಿದ್ದರ ಮೇಲೆ ಬರೆದರು. ಬಹಳ ನಕ್ಕರು.

ಎರಡು ವಾರ ಕಳೆಯಿತು. ಹವಾಮಾನದ ಪುಟ ಹಾಗೇ ಇತ್ತು, ಸ್ಕೋನ್ ಎಂಬ ಬನ್ನು ಮಾಡುವ ಬಗೆ ಇತ್ತು, ಹಕ್ಕಿ ಎಣಿಸುವವರ ಪುಟವೂ ಇತ್ತು. ಹೋದದ್ದು ತಾಯಂದಿರ ಪುಟ.

ಮುಟ್ಟಿದರೆ ಚರ್ಮ ಗುಳ್ಳೆಯೆದ್ದು ಸುಲಿಯುವ ಮಕ್ಕಳ ತಾಯಂದಿರು ಕಟ್ಟಿದ ಪುಟ ಅದು. ಬಟ್ಟೆಯಿಲ್ಲದ ಮಕ್ಕಳ ಚಿತ್ರಗಳಿದ್ದವು. ಗಾಯಕ್ಕೆ ಎಲ್ಲಿ ಹೇಗೆ ಪಟ್ಟಿ ಸುತ್ತಬೇಕೆಂದು ತೋರಿಸಲು ಬೇರೆ ದಾರಿಯಿರಲಿಲ್ಲ. ಕೊರಾಲಿಯ ಮಗ ರೋರಿಗೆ ಈಗ ಆರು ವರ್ಷ. ಬೆಳಗ್ಗೆ ಎರಡು ಗಂಟೆ ಅವನ ಪಟ್ಟಿಗೇ ಬೇಕು. ಊದುತ್ತಾ, ಹಾಡುತ್ತಾ, ಒದ್ದೆ ಮಾಡಿ ಮೆಲ್ಲಗೆ ಬಿಡಿಸಬೇಕು. ಅದೆಲ್ಲ ಅವಳು ಕಲಿತದ್ದು ಅಲ್ಲೇ. ಪಶ್ಚಿಮದ ಗಣಿ ಊರಿನ ಟ್ಯಾಮ್ಸಿನ್ ಎಂಬ ಹುಡುಗಿ ಕಲಿಯಲು ಶುರುಮಾಡಿದ್ದಳಷ್ಟೆ. ಅವಳ ಮಗುವಿಗೆ ನಾಲ್ಕು ವಾರವಾಗಿದ್ದಾಗ ಪುಟ ಮಾಯವಾಯಿತು. ಅದೇ ದಿನ, ಈ ಕಾಯಿಲೆಯನ್ನು ಎಂದೂ ನೋಡಿರದ ಊರಿನ ದಾದಿ ಮಗುವಿನ ಬೆನ್ನಿಗೆ ಮಾಮೂಲಿ ಅಂಟುಪಟ್ಟಿ ಹಚ್ಚಿದಳು. ಕಿತ್ತಾಗ ಚರ್ಮವೂ ಬಂತು. ನಂಜಾಯಿತು. ಮಗು ಇನ್ನೂ ಆಸ್ಪತ್ರೆಯಲ್ಲಿತ್ತು. ಪುಟ ಬಿಡಿಸಿಕೊಡಿ ಎಂದು ಇಲಾಖೆಗೆ ಬರೆದ ಮನವಿಗೆ, ತೊಂಬತ್ತು ದಿನ ಕಾಯಿರಿ ಎಂದು ಉತ್ತರ ಬಂದಿತ್ತು.

“ಇದನ್ನ ಚೀಟಿಯಲ್ಲಿ ಬರೆದೋರು ಯಾರು? ಕೈ ಎತ್ತಿ,” ಎಂದು ಮರ್ವ್ ಹೋದ ವಾರ ಕೇಳಿದ್ದ.

ಒಂದು ಕೈಯೂ ಏಳಲಿಲ್ಲ. ಕೊರಾಲಿಯ ಎರಡು ಕೈಯಲ್ಲೂ ಕೇಕಿನ ತಟ್ಟೆಯಿತ್ತು.

“ಹಾಗಾದ್ರೆ ಚೀಟಿಯಲ್ಲಿ ಇರಲೇ ಇಲ್ಲ. ನಮ್ಮೊಳಗೇ ಯಾರೋ ಹೊಟ್ಟೆಕಿಚ್ಚಿಗೆ ಚಾಡಿ ಹೇಳಿದ್ದಾರೆ.”

ಎಲ್ಲರೂ ಡೀನ್‌ನನ್ನೇ ನೋಡಿದರು. ರಾಜಧಾನಿ ಕ್ಯಾನ್‌ಬೆರಾದಲ್ಲಿ ಸರ್ಕಾರಿ ಕೆಲಸ ಮಾಡಿ ನಿವೃತ್ತನಾದವನು. ನರಪಿಳ್ಳೆಯಿಲ್ಲದ ಓಣಿಯಲ್ಲೂ ಹೆಲ್ಮೆಟ್ ಹಾಕುವವನು. ತನ್ನ ಚೀಟಿ ಕಳೆದುಹೋಯಿತು ಎಂದವನು ಅವನೊಬ್ಬನೇ. ಕಳ್ಳನನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡಾರು, ಚಾಡಿಕೋರನನ್ನು ಈ ಊರವರು ಕೂರಿಸಿಕೊಳ್ಳುವವರಲ್ಲ. ಇವತ್ತಿನ ಸಭೆ ಅವನನ್ನು ಹೊರಗೆ ಹಾಕಲೆಂದೇ.

ಬೆಳಗ್ಗೆ ಟ್ಯಾಮ್ಸಿನ್ ಆಸ್ಪತ್ರೆಯಿಂದ ವೀಡಿಯೊ ಕರೆ ಮಾಡಿದ್ದಳು. “ಯಾರು ಅಂತ ಗೊತ್ತಾಯ್ತಾ ಕೊರಾಲಿ? ಆ ಮುಖ ಒಂದ್ಸಲ ನೋಡ್ಬೇಕು ನಂಗೆ.”

“ಸಿಗ್ನಲ್ ಸರಿಯಿಲ್ಲ ಕಣೇ,” ಎಂದು ಕೊರಾಲಿ ಫೋನನ್ನು ಮೇಜಿನ ಮೇಲೆ ಮಗುಚಿಟ್ಟಿದ್ದಳು.

ಕೋಟನ್ನು ಗೂಟಕ್ಕೆ ಸಿಕ್ಕಿಸಿ ಅವಳು ಹಿತ್ತಿಲ ಬಾಗಿಲು ತೆಗೆದಳು. ಡೀನ್ ಒಬ್ಬನೇ ಕೆಂಡದ ಒಲೆಯ ಮುಂದೆ ನಿಂತು ಎಲ್ಲರಿಗಾಗಿ ಸಾಸೇಜು ಮಗುಚುತ್ತಿದ್ದ. ಹೆಲ್ಮೆಟ್ ಬೆಂಚಿನ ಮೇಲಿತ್ತು.

“ಕೋಟು ತಡಕಾಡಿ ಆಯ್ತಾ?” ಅವನು ತಿರುಗಲಿಲ್ಲ.

“ಚೀಟಿ ಕೊಡಿ ಡೀನ್.”

“ಮಗು ಹೇಗಿದೆ?”

“ಹಾಗೇ ಇದೆ. ಕಣ್ಣು ಬಿಟ್ಟಿಲ್ಲ.”

ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಚುರ್ ಎಂದಿತು. “ಅದರಲ್ಲಿ ಬರೆದಿದ್ದನ್ನೇ ಫೋನಲ್ಲಿ ಓದಿದೆ ಕಣಮ್ಮಾ. ತೆರೆದು ನೋಡ್ಬಾರ್ದು ಅಂತಿತ್ತು, ನೋಡ್ಲಿಲ್ಲ. ನೋಡ್ಬೇಕಾಗಿತ್ತು.”

“ಕಳೆದುಹೋಯ್ತು ಅಂದಿದ್ರಿ.”

“ಅಂದೆ. ಚಾಡಿಕೋರ ಅನ್ನಿಸ್ಕೊಂಡ್ರೆ ನನಗೇನಾಗ್ಬೇಕು? ನನ್ನನ್ನ ಹೇಗೂ ಯಾರೂ ಟೀಗೆ ಕರೆಯಲ್ಲ.”

“ಕೊರಾಲಿ!” ಒಳಗಿನಿಂದ ಮರ್ವ್‌ನ ದನಿ. “ಎಲ್ಲರೂ ಬಂದ್ರು. ಆ ಮನುಷ್ಯನನ್ನೂ ಕರ್ಕೊಂಡು ಬಾ.”

ಡೀನ್ ಹೆಲ್ಮೆಟ್ ಎತ್ತಿ, ಒಳಗಿನ ಮೆತ್ತೆ ಬಿಡಿಸಿ, ನಾಲ್ಕು ಮಡಿಕೆಯ ಕಾಗದ ತೆಗೆದು ಅವಳ ಅಂಗೈಯಲ್ಲಿಟ್ಟ. ಆಮೇಲೆ ಕೆಂಡದ ಮುಂದಿನಿಂದ ಸರಿದು, ಅವಳಿಗೆ ಜಾಗ ಬಿಟ್ಟು, ಸಭೆಗೆ ನಡೆದ.

ಕಾಗದದ ಒಂದು ಬದಿಯಲ್ಲಿ ತಾಯಂದಿರ ಪುಟದ ವಿಳಾಸವಿತ್ತು. ತಿರುಗಿಸುವ ಅಗತ್ಯ ಅವಳಿಗಿರಲಿಲ್ಲ. ಆದರೂ ತಿರುಗಿಸಿದಳು.

ಹಿಂಬದಿಯಲ್ಲೂ ಅವಳದೇ ಕೈಬರಹ, ಕಪ್ ದಿನದ ಬೆಳಗಿನದು: ‘ಅಂಟದ ಪಟ್ಟಿ ಆರು, ವ್ಯಾಸಲೀನ್, ಕೇಕಿಗೆ ಮೊಟ್ಟೆ, ರೋರಿಗೆ ಹೊಲಿಗೆ ಚುಚ್ಚದ ಕಾಲುಚೀಲ.’