ಅರ್ಧ ಕವನಕ್ಕೆ ಶಾಲು

ಎರಡನೆಯ ಚರಣದಲ್ಲಿ ಕೆಂಪುಕಲ್ಲು ಕಡಿದ ಕೋರೆಹೊಂಡದ ಮಾತು ಬಂದದ್ದೇ ತಡ, ಸಂಘಟಕ ಧರ್ಣಪ್ಪ ಶಾಲು ಹಿಡಿದು ಓಡಿ ಬಂದು ಕವನ ಓದುತ್ತಿದ್ದ ವಿನೋದಾಳ ಹೆಗಲಿಗೆ ಹೊದಿಸಿದ. ಮಡಂತ್ಯಾರಿನ ಕವಿಗೋಷ್ಠಿಯಲ್ಲಿ ಶಾಲು ಬಿದ್ದರೆ ಕವನ ಮುಗಿಯಿತೆಂದೇ ಲೆಕ್ಕ. ಸಭೆ ಚಪ್ಪಾಳೆ ತಟ್ಟಿತು. ಮುಖ್ಯ ಅತಿಥಿಯ ಕುರ್ಚಿಯಲ್ಲಿದ್ದ ಆ ಕೋರೆಯ ಧಣಿಯೂ ತಟ್ಟಿದ.

"ಸಾಕು ವಿನೋದಕ್ಕ, ಭಾರೀ ಲಾಯ್ಕ ಉಂಟು. ಇನ್ನು ಊಟಕ್ಕೆ ಹೋಗುವ," ಎಂದು ಧರ್ಣಪ್ಪ ಮೈಕನ್ನು ತನ್ನತ್ತ ತಿರುಗಿಸಿಕೊಂಡ.

ಮುಚ್ಚದೆ ಬಿಟ್ಟ ಆ ಕೋರೆಯ ನೀರಿನಿಂದ ಮೊಮ್ಮಗಳು ಪ್ರಾಪ್ತಿಯ ಹೆಣ ಎತ್ತಿದ ದಿನವೂ, ಬೊಬ್ಬೆ ಹೊಡೆಯುತ್ತಿದ್ದ ವಿನೋದಾಳಿಗೆ ಊರವರು ಹೀಗೆಯೇ ಸಾಕೆಂದಿದ್ದರು. ಅಂದು ಸುಮ್ಮನಾಗಿದ್ದಳು. ಈಗ ಶಾಲನ್ನು ಕಿತ್ತು ಧಣಿಯ ತೊಡೆಯ ಮೇಲೆ ಎಸೆದಳು.

"ಮೈಕು ಬಿಡು ಮಾರಾಯ! ನನ್ನ ಕವನದಲ್ಲಿ ಮಗು ಇನ್ನೂ ನೀರಿನಲ್ಲೇ ಉಂಟು. ಅವಳನ್ನು ಮೇಲೆತ್ತುವ ತನಕ ಊಟಕ್ಕೆ ಯಾರೂ ಏಳುವುದು ಬೇಡ."