ಕ್ಯಾಲೆಂಡರಿನ ಹಿಂದಿನ ಗೂಡು

ನಾನು ನಡುಮನೆಯ ಗೋಡೆಯ ಧೂಳು ಹೊಡೆಯುತ್ತಿದ್ದೆ. ಎಂಟು ತಿಂಗಳ ಮೇಲೆ ಮಸ್ಕತ್ತಿನಿಂದ ಅಂದು ಬೆಳಿಗ್ಗೆಯಷ್ಟೇ ಬಂದಿದ್ದ ಗಂಡ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದರು.

"ಕ್ಯಾಲೆಂಡರಿನ ಹಿಂದೆ ಕಣಜದ ಹುಳು ಗೂಡು ಕಟ್ಟಿದೆ, ಮುಟ್ಟಬೇಡ ಮಾರಾಯ್ತಿ," ಎಂದರು ಅತ್ತೆ. "ಅದು ಮಣ್ಣು ತಂದು ಗೂಡು ಕಟ್ಟಿದ ಮನೆಯಲ್ಲಿ ಬಸುರಿ ಇರ್ತಾಳೆ."

ಅಷ್ಟರಲ್ಲಿ ಪೊರಕೆ ತಾಗಿ ಗೂಡು ಉದುರಿತು. ಚೂರುಗಳನ್ನು ಮೊರಕ್ಕೆ ಎತ್ತಿಕೊಂಡೆ. ಒಡೆದ ಮಣ್ಣಿನೊಳಗೆ ಕಣಜ ಏಳೆಂಟು ಜೇಡಗಳನ್ನು ಒತ್ತಿ ತುಂಬಿತ್ತು. ಅವು ಸತ್ತಿರಲಿಲ್ಲ, ಓಡಲಾಗದೆ ಕಾಲು ಅದುರಿಸುತ್ತಿದ್ದವು. ಬಿಳಿ ಮರಿಹುಳುವೊಂದು ಒಂದು ಜೇಡದ ಹೊಟ್ಟೆಗೆ ಬಾಯಿಟ್ಟು ಹೀರುತ್ತಿತ್ತು. ಆ ಹೊಟ್ಟೆ ನನ್ನ ಕಣ್ಣೆದುರೇ ಸುಕ್ಕುಗಟ್ಟಿತು. ತಡೆಯಲಾಗದೆ ಮೊರ ಹಿಡಿದೇ ಅಂಗಳಕ್ಕೆ ಓಡಿ ಕಕ್ಕಿದೆ.

ಅತ್ತೆ ಚಪ್ಪಾಳೆ ತಟ್ಟುತ್ತಾ ಬಂದರು. "ನೋಡಿದ್ಯಾ ಮಗಾ, ವಾಂತಿ! ನಾನು ಹೇಳ್ಲಿಲ್ವಾ? ಕಣಜ ಸುಳ್ಳು ಹೇಳೋದಿಲ್ಲ."

ಗಂಡ ಲೋಟ ಕೆಳಗಿಟ್ಟರು. "ನಾನು ಬಂದದ್ದು ಇವತ್ತಲ್ವಾ, ಅಮ್ಮ?"

ಅತ್ತೆಯ ಕೈ ಅಲ್ಲೇ ನಿಂತಿತು.

"ರೀ, ಒಂದು ಸಲ ಇದರೊಳಗೆ ನೋಡಿ," ಎಂದು ಮೊರವನ್ನು ಮುಂದೆ ಹಿಡಿದೆ.

ಇಬ್ಬರೂ ನನ್ನ ಹೊಟ್ಟೆಯನ್ನೇ ನೋಡುತ್ತಿದ್ದರು.