ಹನ್ನೊಂದನೆಯ ಹೆಸರು

ಎರಾಸ್ತೊ ಪತ್ರವನ್ನು ಮೊದಲು ಕಿಟಕಿಯ ಬೆಳಕಿಗೆ ಹಿಡಿದ. ಆಮೇಲೆ ಓದಿದ. ಇದ್ದದ್ದು ಎರಡೇ ಸಾಲು. ಹೊಸ ವರ್ಷದ ದಿನಕ್ಕೆ ಬರುತ್ತೇನೆ, ಕೋಲು ಹಿಡಿಯುತ್ತೇನೆ. ಕೆಳಗೆ ಫಿದೆನ್ಸಿಯೊ ಎಂದು ಸಹಿ.

"ಇಪ್ಪತ್ತೆರಡು ವರ್ಷ ಉತ್ತರದಲ್ಲಿದ್ರೂ ಅಣ್ಣನ ಅಕ್ಷರ ಮಾತ್ರ ನಿಮ್ಮದರ ಹಾಗೇ ಇದೆಯಲ್ಲ, ಅತ್ತಿಗೆ."

ಸೊಸಿಮಾ ತಲೆಯೆತ್ತಲಿಲ್ಲ. ತಾಳೆಗರಿಯ ಟೋಪಿ ಹೆಣೆಯುತ್ತಿದ್ದ ಬೆರಳುಗಳೂ ನಿಲ್ಲಲಿಲ್ಲ. "ಅವ್ರಿಗೆ ಅಕ್ಷರ ಕಲಿಸಿದ್ದು ನಾನೇ ಅಲ್ವೇನಪ್ಪ."

ಅದೇನೋ ನಿಜವಾಗಿತ್ತು. ಎರಾಸ್ತೊ ಪತ್ರವನ್ನು ಮಡಚಿ ಊರಿನ ಪಟ್ಟಿಯ ಪುಸ್ತಕದೊಳಗೆ ಇಟ್ಟುಕೊಂಡ. ಅವನು ಆ ವರ್ಷದ ಗುಮಾಸ್ತ. ಅನುಮಾನ ಪಡುವುದು ಅವನ ಕೆಲಸ.

ಯುಕುತಾಬಿ ಎಂಬ ಆ ಗುಡ್ಡದೂರಿನಲ್ಲಿ ಸಂಬಳದ ಅಧಿಕಾರವಿಲ್ಲ. ಪಟ್ಟಿಯಲ್ಲಿ ಹೆಸರಿರುವ ಗಂಡಸು ಸರದಿ ಬಂದಾಗ ಒಂದು ವರ್ಷ ಪುಕ್ಕಟೆ ಊರಿನ ಚಾಕರಿ ಮಾಡಬೇಕು. ಕಾವಲುಗಾರನಾಗಿ, ಗುಮಾಸ್ತನಾಗಿ, ಕೊನೆಗೆ ಬೆಳ್ಳಿ ಕಟ್ಟಿದ ಕೋಲು ಹಿಡಿದು ಊರ ಯಜಮಾನನಾಗಿ. ಅಜ್ಜಂದಿರ ಕಾಲಕ್ಕೆ ನೂರಾ ನಲವತ್ತು ಹೆಸರುಗಳಿದ್ದವು. ಕೋಲು ಜೀವಮಾನದಲ್ಲಿ ಒಮ್ಮೆ ಕೈಗೆ ಬಂದರೆ ಬಂತು. ಆಮೇಲೆ ಟೋಪಿಗಳ ಬೆಲೆ ಬಿತ್ತು. ಗುಡ್ಡದ ಕೆಂಪು ಮಣ್ಣು ಮಳೆಯಲ್ಲಿ ಕೊಚ್ಚಿಹೋಗಿ ಕಣಿವೆ ಸೇರಿತು. ಗಂಡಸರು ಟೊಮೆಟೊ ಕೀಳಲು ಉತ್ತರಕ್ಕೆ ಹೋದರು. ಈಗ ಉಳಿದದ್ದು ಹನ್ನೊಂದು ಹೆಸರು. ಎರಾಸ್ತೊನಿಗೆ ಅರವತ್ತಮೂರು. ಎರಡು ಸಲ ಕೋಲು ಹಿಡಿದಿದ್ದ, ಆರು ಸಲ ಗುಮಾಸ್ತನಾಗಿದ್ದ. ಕುಳಿತರೆ ಏಳುವುದೇ ಬೇಡವೆನಿಸುತ್ತಿತ್ತು. ಆ ದಣಿವು ಅವನೊಬ್ಬನದಾಗಿರಲಿಲ್ಲ.

ಹನ್ನೊಂದನೆಯ ಹೆಸರು ಅವನ ಅಣ್ಣನದು. ರಸ್ತೆಬದಿಯ ಪೊದೆ ಸವರುವುದು, ಶಾಲೆಯ ಗೋಡೆಗೆ ಕಲ್ಲು ಹೊರುವುದು, ಇಷ್ಟು ವರ್ಷ ಅಣ್ಣನ ಪಾಲಿನದನ್ನೆಲ್ಲ ಸೊಸಿಮಾಳೇ ಮಾಡಿದ್ದಳು. ಕೋಲನ್ನು ಮಾತ್ರ ಒಬ್ಬರ ಬದಲಿಗೆ ಇನ್ನೊಬ್ಬರು ಹಿಡಿಯುವಂತಿಲ್ಲ. ಸರದಿಗೆ ಬಾರದವನ ಹೆಸರಿಗೆ ಗೆರೆ ಎಳೆಯುತ್ತಾರೆ. ಮನೆಯ ನಲ್ಲಿ ಹೋಗುತ್ತದೆ, ಜೋಳದ ಹೊಲ ಹೋಗುತ್ತದೆ, ಊರ ಸ್ಮಶಾನದಲ್ಲಿ ಜಾಗವೂ ಹೋಗುತ್ತದೆ. ನೀರು ತೊರೆಯಿಂದ ಹೊರುತ್ತೇನೆ, ಜೋಳ ಕೊಂಡು ತಿನ್ನುತ್ತೇನೆ ಎಂದು ಸೊಸಿಮಾ ಸಭೆಯಲ್ಲಿ ಹೇಳಿದ್ದಳು. ಸ್ಮಶಾನದ ಮಾತು ಬಂದಾಗ ಸುಮ್ಮನಾಗಿದ್ದಳು. ನಾಲ್ಕು ವರ್ಷಕ್ಕೇ ತೀರಿಕೊಂಡ ಅವಳ ಮಗಳು ಅಲ್ಲಿದ್ದಳು. ಪಕ್ಕದಲ್ಲಿ ಒಬ್ಬರಿಗಾಗುವಷ್ಟು ನೆಲ ಖಾಲಿಯಿತ್ತು.

ಡಿಸೆಂಬರಿನ ಮೊದಲ ಮೂರು ಶನಿವಾರವೂ ಅವಳು ತ್ಲಾಶಿಯಾಕೊ ಸಂತೆಗೆ ಇಳಿದು ಹೋದಳು. ಎರಾಸ್ತೊ ಲೆಕ್ಕವಿಟ್ಟ. ಒಮ್ಮೆ ಅವಳ ಅಂಗಳಕ್ಕೆ ಹೋದಾಗ ಅಣ್ಣನ ಮದುವೆಯ ಕೋಟು ಅವಳ ಮಡಿಲಲ್ಲಿತ್ತು. ತೋಳನ್ನು ಎರಡು ಬೆರಳಿನಷ್ಟು ಒಳಮಡಚಿ ಹೊಲಿಯುತ್ತಿದ್ದಳು.

"ವಯಸ್ಸಾದ ಮೇಲೆ ಗಂಡಸರು ಕುಗ್ತಾರೆ, ಎರಾಸ್ತೊ."

"ಅಷ್ಟು ಟೊಮೆಟೊ ಬುಟ್ಟಿ ಹೊತ್ತಿದ್ದಕ್ಕೆ ಕೈ ಉದ್ದ ಆಗ್ಬೇಕಿತ್ತು, ಅತ್ತಿಗೆ."

ಅವಳು ದಾರವನ್ನು ಹಲ್ಲಿನಿಂದ ಕಡಿದಳು.

ವರ್ಷದ ಕೊನೆಯ ದಿನ ಮಧ್ಯಾಹ್ನ ಜಲ್ಲಿ ಲಾರಿಯೊಂದು ಚರ್ಚಿನ ಮುಂದೆ ನಿಂತಿತು. ಇಳಿದವನು ಬಿಸಿಲಿಗೆ ಬೆಂದ, ಬೆನ್ನು ಬಾಗಿದ, ಮಾತು ಕಡಿಮೆಯ ಮನುಷ್ಯ. ಹಲ್ಲುಗಳು ಅರ್ಧ ಹೋಗಿದ್ದವು. ಫಿದೆನ್ಸಿಯೊ ಬಂದ ಎಂದು ಯಾರೋ ಕೂಗಿದರು. ಅವನು ಯಾರ ಮನೆಗೂ ಹೋಗಲಿಲ್ಲ. ನೇರ ಸ್ಮಶಾನಕ್ಕೆ ನಡೆದು, ಎಡವದೆ, ಹುಡುಕದೆ, ಆ ಪುಟ್ಟ ಗೋರಿಯ ಮುಂದೆ ಟೋಪಿ ತೆಗೆದು ನಿಂತ. ಬಹಳ ಹೊತ್ತು ನಿಂತ. ಹಿಂದೆ ಹೋಗಿದ್ದ ಹೆಂಗಸರು ಕಣ್ಣೊರೆಸಿಕೊಂಡು ಬಂದರು. ಎರಾಸ್ತೊ ದೂರದ ಗೋಡೆಗೆ ಒರಗಿ ಎಲ್ಲವನ್ನೂ ನೋಡಿದ. ಆ ದಿನ ಅಣ್ಣನನ್ನು ಮಾತನಾಡಿಸಲಿಲ್ಲ. ನಾಳೆ ಸಭೆಯ ಮುಂದೆಯೇ ಮಾತಾಡುತ್ತೇನೆ ಎಂದು ಕೇಳಿದವರಿಗೆಲ್ಲ ಹೇಳಿದ.

ಮರುದಿನ ಬೆಳಿಗ್ಗೆ ಚಾವಡಿಯ ಅಂಗಳದಲ್ಲಿ ಊರು ಸೇರಿತು. ಊರೆಂದರೆ ನಲವತ್ತು ಜನ, ಹೆಚ್ಚಿನವರು ಮುದುಕಿಯರು. ಮೂವರು ವಾದ್ಯದವರು ಗೋಡೆಯ ನೆರಳಿನಲ್ಲಿ ಕುಳಿತಿದ್ದರು. ಸೊಸಿಮಾ ಹೆಂಗಸರ ನಡುವೆ ನಿಂತೇ ಟೋಪಿ ಹೆಣೆಯುತ್ತಿದ್ದಳು. ಎರಾಸ್ತೊ ಪುಸ್ತಕ ತೆರೆದು ಅಣ್ಣನ ಹೆಸರು ಓದಿದ. ಕೋಟು ತೊಟ್ಟವನು ಮುಂದೆ ಬಂದ. ತೋಳುಗಳು ಸರಿಯಾಗಿಯೇ ಇದ್ದವು.

ಅವನ ಎಡಕ್ಕೆ ನಿಂತಿದ್ದ ಗಂಟೆ ಬಾರಿಸುವ ಮುದುಕ ಲಾವ್ರೊ, ಎರಡೂ ಕೈಯಲ್ಲಿ ತಗೋಬೇಕು ಎಂದು ತನಗೆ ತಾನೇ ಹೇಳಿಕೊಂಡಂತೆ ಗೊಣಗಿದ. ಬಂದವನು ಅವನತ್ತ ತಿರುಗಿ ತಲೆಯಾಡಿಸಿದ.

ಅಂಗಳದ ಸದ್ದಡಗಿತು. ಲಾವ್ರೊ ಕಣ್ಣು ನೆಲಕ್ಕೆ ಹಾಕಿದ. ಸೊಸಿಮಾಳ ಬೆರಳುಗಳು ನಿಂತವು. ತಾಳೆಗರಿಯ ಎಳೆ ಕೈಯಿಂದ ಜಾರಿದ್ದು ಅವಳಿಗೆ ತಿಳಿಯಲಿಲ್ಲ.

ಎರಾಸ್ತೊ ಪುಸ್ತಕ ಮುಚ್ಚಿದ. ಆಕ್ಷೇಪಣೆ ಎತ್ತುವ ಹಕ್ಕು ಗುಮಾಸ್ತನಿಗಿತ್ತು. ಎತ್ತಿದರೆ ಆ ಹೆಸರು ಅಲ್ಲೇ ಅಳಿಯುತ್ತದೆ. ಆ ಮನುಷ್ಯನ ಹತ್ತಿರ ಹೋಗಿ ಮುಖವನ್ನು ದಿಟ್ಟಿಸಿದ. ಹಣೆ, ಮೂಗು, ಹೋದ ಹಲ್ಲುಗಳು.

"ತಡ ಮಾಡಿದೆ, ಅಣ್ಣ," ಎಂದ ಎರಾಸ್ತೊ, ಎಲ್ಲರಿಗೂ ಕೇಳುವಂತೆ. "ಬಹಳ ತಡ ಮಾಡಿದೆ."

ಕೋಲನ್ನು ಅವನ ಎರಡೂ ಕೈಗಳಿಗೆ ಕೊಟ್ಟ. ವಾದ್ಯ ಶುರುವಾಯಿತು. ಆ ಗದ್ದಲದಲ್ಲಿ ಅವನನ್ನು ಬಿಗಿಯಾಗಿ ಅಪ್ಪಿಕೊಂಡು ಕಿವಿಯ ಬಳಿ ಹೇಳಿದ:

"ನಮ್ಮಣ್ಣಂಗೆ ಹುಟ್ಟಿದಾಗಿಂದ ಎಡಗಿವಿ ಕೇಳ್ತಿರ್ಲಿಲ್ಲ, ಯಜಮಾನ್ರೇ. ಇನ್ಮೇಲೆ ಆ ಕಡೆಯಿಂದ ಯಾರು ಮಾತಾಡಿಸಿದ್ರೂ ತಿರುಗಬೇಡಿ."